ಸುಗ್ರೀವಾಜ್ಞೆಯಿಂದ ಬಂದವರು, ಸುಗ್ರೀವಾಜ್ಞೆಯಿಂದಲೇ ಹೋದರು

ಸಾರ್ವಜನಿಕ ಪ್ರಸಾರ ಸಂಸ್ಥೆಯ ಸ್ವಾಯತ್ತತೆಯ ಮಾತು ಬಂದಾಗಲೆಲ್ಲ ನನಗೆ ಎಸ್.ಎಸ್. ಗಿಲ್ ಅವರ ವೃತ್ತಿಜೀವನ ನೆನಪಾಗುತ್ತದೆ. ಐಎಎಸ್ ಅಧಿಕಾರಿಯಾಗಿ ಮಂಡಲ್ ಆಯೋಗದ ಕಾರ್ಯದರ್ಶಿ ಹುದ್ದೆ ನಿರ್ವಹಿಸಿದ ಅವರು, ಮುಂದೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಕಾರ್ಯದರ್ಶಿಯಾದರು. 1984ರಲ್ಲಿ ದೂರದರ್ಶನದಲ್ಲಿ ಆರಂಭವಾದ 'ಹಮ್ ಲೋಗ್' ಧಾರಾವಾಹಿಯ ಹಿಂದೆ ಅವರ ಒತ್ತಾಸೆಯಿತ್ತು. ಕುಟುಂಬ ಯೋಜನೆ, ಹೆಣ್ಣುಮಕ್ಕಳ ಸ್ಥಾನಮಾನದಂಥ ವಿಚಾರಗಳನ್ನು ಸಾಮಾನ್ಯ ಸಂಸಾರವೊಂದರ ಕಥೆಯಲ್ಲಿ ಹೆಣೆದ ಪ್ರಯೋಗ ಅದು. ಸರ್ಕಾರದ ನೇರ ಅಧೀನದಲ್ಲಿದ್ದಾಗ ಅವರಿಗೆ ಇಷ್ಟು ಸಾಧ್ಯವಾಯಿತು.

ಸ್ವಾಯತ್ತ ಸಂಸ್ಥೆಯ ಮುಖ್ಯಸ್ಥರಾದಾಗ ಆದದ್ದೇ ಬೇರೆ. 1990ರಲ್ಲಿ ಸಂಸತ್ತು ಅಂಗೀಕರಿಸಿದ ಪ್ರಸಾರ ಭಾರತಿ ಕಾಯಿದೆ ಏಳು ವರ್ಷ ಕಡತದಲ್ಲೇ ಮಲಗಿ, 1997ರಲ್ಲಿ ಜಾರಿಗೆ ಬಂತು. ನಿವೃತ್ತರಾಗಿದ್ದ ಗಿಲ್ ಮೊದಲ ಮುಖ್ಯ ಕಾರ್ಯನಿರ್ವಹಣಾಧಿಕಾರಿಯಾದರು. ಆದರೆ ಮೂಲ ಕಾಯಿದೆಯಲ್ಲಿ ಆ ಹುದ್ದೆಗೆ 62 ವರ್ಷದ ವಯೋಮಿತಿಯಿತ್ತು. ಅವರು ಅದನ್ನು ದಾಟಿದ್ದರು. ಗುಜ್ರಾಲ್ ಸರ್ಕಾರ ಸುಗ್ರೀವಾಜ್ಞೆಯ ಮೂಲಕ ಮಿತಿಯನ್ನು ತೆಗೆದುಹಾಕಿತು. 1998ರಲ್ಲಿ ಅಧಿಕಾರಕ್ಕೆ ಬಂದ ವಾಜಪೇಯಿ ಸರ್ಕಾರ ಇನ್ನೊಂದು ಸುಗ್ರೀವಾಜ್ಞೆಯಿಂದ ಅದನ್ನು ಮರಳಿ ತಂದಿತು. ಗಿಲ್ ನಿರ್ಗಮಿಸಿದರು.

ದುರ್ನಡತೆಯ ಕಾರಣಕ್ಕೆ ಈ ಹುದ್ದೆಯಲ್ಲಿರುವವರನ್ನು ತೆಗೆಯಬೇಕಾದರೆ ಸುಪ್ರೀಂ ಕೋರ್ಟಿನ ವಿಚಾರಣೆ ನಡೆಯಬೇಕೆಂದು ಅದೇ ಕಾಯಿದೆ ಹೇಳುತ್ತದೆ. ಇಲ್ಲಿ ಅದರ ಅಗತ್ಯವೇ ಬೀಳಲಿಲ್ಲ. ಬಾಗಿಲಿಗೆ ಭದ್ರವಾದ ಬೀಗವಿತ್ತು. ಸರ್ಕಾರ ಗೋಡೆಯನ್ನೇ ಕೆಡವಿತು. ಹಾಗೆಂದು ದೋಷವನ್ನು ಒಂದೇ ಪಕ್ಷದ ತಲೆಗೆ ಕಟ್ಟುವುದು ನ್ಯಾಯವಲ್ಲ. ವ್ಯಕ್ತಿಯೊಬ್ಬರಿಗಾಗಿ ನಿಯಮ ಸಡಿಲಿಸಿದ್ದೇ ಮೊದಲ ತಪ್ಪು. 2008ರಲ್ಲಿ ಯುಪಿಎ ಸರ್ಕಾರವೂ ಇದೇ ಹಾದಿ ಹಿಡಿದು ಅಧ್ಯಕ್ಷರ ಅವಧಿಯನ್ನು ಮೂರು ವರ್ಷಕ್ಕೆ ಇಳಿಸಿ, 70 ವರ್ಷದ ಮಿತಿ ವಿಧಿಸಿತು. ಆಗ ಸ್ಥಾನ ಬಿಡಬೇಕಾಗಿ ಬಂದವರು ನಮ್ಮ ಉಡುಪಿಯ ಎಂ.ವಿ. ಕಾಮತ್.

ಸರ್ಕಾರಿ ಸೇವೆಯಲ್ಲಿ ವರ್ಷಗಳನ್ನು ಕಳೆದ ನನಗೆ ಇದರ ಪರಿಣಾಮ ಊಹಿಸುವುದು ಕಷ್ಟವಲ್ಲ. ಮೇಲಿನವರ ಗತಿಯನ್ನು ಕೆಳಗಿನವರು ಗಮನಿಸುತ್ತಿರುತ್ತಾರೆ. ಸುದ್ದಿ ಸಂಪಾದಕನಿಗೆ ಯಾರೂ ಲಿಖಿತ ಆದೇಶ ಕೊಡಬೇಕಿಲ್ಲ. ಅವನೇ ಸುದ್ದಿಯನ್ನು ತೂಗಿ, ಮೆದುವಾಗಿಸಿ, ಬದಿಗಿಡುತ್ತಾನೆ. ಸಂಸ್ಥೆ ಹಣಕ್ಕೂ ಸಚಿವಾಲಯದತ್ತಲೇ ಕೈಚಾಚಬೇಕಾದಾಗ ಈ ಅಭ್ಯಾಸ ಇನ್ನೂ ಗಟ್ಟಿಯಾಗುತ್ತದೆ.

ಪರಿಹಾರ ಜಟಿಲವಲ್ಲ. ಪ್ರಸಾರ ಭಾರತಿಯ ಮುಖ್ಯಸ್ಥರ ವಯಸ್ಸು, ಅವಧಿ ಕುರಿತ ಯಾವುದೇ ತಿದ್ದುಪಡಿ ಮುಂದೆ ಬರುವವರಿಗಷ್ಟೇ ಅನ್ವಯಿಸಬೇಕು, ಮತ್ತು ಅದು ಸುಗ್ರೀವಾಜ್ಞೆಯಿಂದಲ್ಲ, ಸಂಸತ್ತಿನ ಚರ್ಚೆಯ ನಂತರವೇ ಬರಬೇಕು. ಅನುದಾನವನ್ನು ಐದು ವರ್ಷಗಳಿಗೆ ಒಮ್ಮೆಗೇ ನಿಗದಿಗೊಳಿಸಬೇಕು. ಇವೆರಡೂ ಆಗದಿದ್ದರೆ ಸ್ವಾಯತ್ತತೆಯ ಪಾಡು ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆಯೇ ಉಳಿಯುತ್ತದೆ.