ಬಾಟಲಿ ಕೆಳಗಿಟ್ಟ ಮೇಲೆ

ಕುಡಿತ ಬಿಟ್ಟವನನ್ನು ಊರು ಒಂದೇ ಮಾತಿನಲ್ಲಿ ಹೊಗಳುತ್ತದೆ: ಈಗ ಮುಟ್ಟುವುದೇ ಇಲ್ಲ. ಮನೆಯವರು ಅಷ್ಟು ಸಲೀಸಾಗಿ ಹೇಳಲಾರರು. ಬಾಟಲಿ ಹೋಗಿದೆ, ಸಿಡುಕು ಹೋಗಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಮೊದಲಿನಂತೆಯೇ ತಟ್ಟೆ ತಳ್ಳುತ್ತಾನೆ, ಹೆಂಡತಿ ಏನಾದರೂ ಅಂದರೆ, “ಬಿಟ್ಟಿದ್ದೀನಲ್ಲ, ಇನ್ನೇನು ಬೇಕು ನಿಮಗೆ?” ಎಂದು ತಿರುಗಿಬೀಳುತ್ತಾನೆ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗದಲ್ಲಿ ಇಂಥವನನ್ನು ‘ಡ್ರೈ ಡ್ರಂಕ್’, ಅಂದರೆ ಕುಡಿಯದ ಕುಡುಕ, ಎನ್ನುತ್ತಾರೆ. ಅಲ್ಲಿನ ಹನ್ನೆರಡು ಹೆಜ್ಜೆಗಳು ಇರುವುದೇ ಅವನ ಆ ಪ್ರಶ್ನೆಗೆ ಉತ್ತರವಾಗಿ ಎಂದು ನಾನು ನಂಬುತ್ತೇನೆ. ಅವು ಹೇಳುವ ಅಧ್ಯಾತ್ಮ ಎಷ್ಟು ಬೆಳೆದಿದೆ ಎಂಬುದನ್ನು ಅವನ ಜೊತೆ ಬದುಕುವವರು ಹೇಳಬೇಕು.

ಷೇರುಪೇಟೆಯ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್ 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಶುರುಮಾಡಿದ ಈ ಬಳಗ, 1939ರ ತನ್ನ ಪುಸ್ತಕದಲ್ಲಿ ಹೆಜ್ಜೆಗಳನ್ನು ಅಚ್ಚುಮಾಡಿತು. ಮದ್ಯದೆದುರು ನಾವು ಸೋತೆವು ಎಂದು ಮೊದಲನೆಯದು ಒಪ್ಪುತ್ತದೆ. ಇತರ ವ್ಯಸನಿಗಳಿಗೆ ಈ ಸಂದೇಶ ತಲುಪಿಸಿ ಎಂದು ಕೊನೆಯದು ಹೇಳುತ್ತದೆ. ನಡುವಿನ ಹತ್ತರಲ್ಲಿ ಕುಡಿತದ ಸುದ್ದಿಯೇ ಇಲ್ಲ. ನಾಲ್ಕನೆಯದಕ್ಕೆ ಕಾಗದದ ಮೇಲೆ ಗೆರೆ ಎಳೆದು ಕೂರಬೇಕು: ಯಾರ ಮೇಲೆ ಸಿಟ್ಟು, ಏಕೆ, ಅದರಿಂದ ನನ್ನ ಯಾವುದಕ್ಕೆ ಪೆಟ್ಟಾಯಿತು. ಆಮೇಲೆ ಅವರ ತಪ್ಪನ್ನು ಪಕ್ಕಕ್ಕಿಟ್ಟು ನನ್ನ ಪಾಲೇನು ಎಂದು ನೋಡಬೇಕು. ಐದನೆಯದರಲ್ಲಿ ಅದನ್ನು ಇನ್ನೊಬ್ಬ ಮನುಷ್ಯನ ಮುಂದೆ ಬಾಯಿಬಿಟ್ಟು ಹೇಳಬೇಕು. ಇದನ್ನು ಅಧ್ಯಾತ್ಮ ಎನ್ನಿ, ಮನಸ್ಸಿನ ಪ್ರೌಢಿಮೆ ಎನ್ನಿ. ಮಾಡುವ ಕೆಲಸ ಒಂದೇ.

ಕುಡಿತ ಬಿಟ್ಟರಷ್ಟೇ ಸಾಲದು ಎಂಬುದಕ್ಕೆ ಬಿಲ್ ಅವರ ಬದುಕೇ ಸಾಕ್ಷಿ. 1934ರ ಡಿಸೆಂಬರಿನಲ್ಲಿ, ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಯಲ್ಲಿ, ಅವರಿಗೆ ಕೋಣೆಯೆಲ್ಲ ಬೆಳಕು ತುಂಬಿದಂಥ ಅನುಭವವಾಯಿತು. ಆಮೇಲೆ ಅವರು ಕುಡಿಯಲಿಲ್ಲ. ಆದರೆ 1944ರ ಸುಮಾರಿಗೆ ಹಿಡಿದ ಖಿನ್ನತೆ ವರ್ಷಗಟ್ಟಲೆ ಕಾಡಿತು. ಸಾವಿರಾರು ಜನರಿಗೆ ದಾರಿ ತೋರಿದವರು ಹಾಸಿಗೆಯಿಂದ ಏಳಲು ಹೆಣಗುತ್ತಿದ್ದರು. 1958ರಲ್ಲಿ ಬಳಗದ ಪತ್ರಿಕೆ ‘ಗ್ರೇಪ್‌ವೈನ್’ನಲ್ಲಿ ಅವರು ಕಾರಣ ಬರೆದರು: ಜನರಿಂದ, ಸನ್ನಿವೇಶಗಳಿಂದ ಮನ್ನಣೆಯನ್ನೂ ಭದ್ರತೆಯನ್ನೂ ಹಟದಿಂದ ಕೇಳುತ್ತಿದ್ದೆ, ಸಿಗದಾಗ ಹೋರಾಡಿದೆ, ಸೋತಾಗ ಕುಸಿದೆ. ಬೆಳಕು ಕಂಡು ಇಪ್ಪತ್ತಕ್ಕೂ ಹೆಚ್ಚು ವರ್ಷದ ಮೇಲೆ ಬರೆದ ಈ ಮಾತೇ ನನಗೆ ಆ ಬೆಳಕಿಗಿಂತ ದೊಡ್ಡದಾಗಿ ಕಾಣುತ್ತದೆ. ಬಳಗದ ಪುಸ್ತಕಕ್ಕೆ 1941ರಲ್ಲಿ ಸೇರಿಸಿದ ಅನುಬಂಧವೂ ಹೆಚ್ಚಿನವರ ಬದಲಾವಣೆ ನಿಧಾನವಾದದ್ದು, ಅದನ್ನು ಎಷ್ಟೋ ಸಲ ಅವರಿಗಿಂತ ಮೊದಲು ಗೆಳೆಯರೇ ಗುರುತಿಸುತ್ತಾರೆ ಎನ್ನುತ್ತದೆ.

ನಮ್ಮಲ್ಲಿ ಕುಡುಕನನ್ನು ಮಂಜುನಾಥನ ಮೇಲೋ ಮಾದಪ್ಪನ ಮೇಲೋ ಆಣೆ ಮಾಡಿಸುತ್ತಾರೆ. ಆಣೆಯಿಂದ ಉಳಿದ ಮನೆಗಳಿವೆ, ಅದನ್ನು ಹಗುರವಾಗಿ ಕಾಣಲಾರೆ. ಆದರೆ ಆಣೆ ನಿಂತಿರುವುದು ಭಯ ಮತ್ತು ಛಲದ ಮೇಲೆ. ಹೆಜ್ಜೆಗಳು ಶುರುವಾಗುವುದೇ ಛಲ ಸೋತಲ್ಲಿಂದ.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ. ಎಲ್ಲರೂ ಅಹಂಕಾರದಿಂದಲೇ ಕುಡಿಯುವುದಿಲ್ಲ. ಮೊದಲೇ ತುಳಿಸಿಕೊಂಡ ಹೆಣ್ಣಿಗೆ ‘ನಿನ್ನ ಕೈಲಾಗದು ಎಂದು ಒಪ್ಪಿಕೋ’ ಎನ್ನುವುದು ಇನ್ನೊಂದು ಏಟಲ್ಲವೇ? ತಾವೂ ವ್ಯಸನದಿಂದ ಹೊರಬಂದ ಜೀನ್ ಕರ್ಕ್‌ಪ್ಯಾಟ್ರಿಕ್ 1970ರ ದಶಕದಲ್ಲಿ ‘ವಿಮೆನ್ ಫಾರ್ ಸೊಬ್ರೈಟಿ’ ಕಟ್ಟಿದ್ದು ಇದಕ್ಕಾಗಿಯೇ. ಅಂಥವರಿಗೆ ಮೊದಲು ಬೇಕಾದದ್ದು ತಮ್ಮ ಮೇಲಿನ ಭರವಸೆ. ಈ ಟೀಕೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಗಂಡಸರ ಅನುಭವದಿಂದ ಹುಟ್ಟಿದ ಹೆಜ್ಜೆಗಳನ್ನು ಎಲ್ಲರ ಮೇಲೂ ಒಂದೇ ಬಿಗಿಯಲ್ಲಿ ಹೇರಬಾರದು.

2020ರ ಕೊಕ್ರೇನ್ ವಿಮರ್ಶೆ 27 ಅಧ್ಯಯನಗಳನ್ನು ನೋಡಿ, ಕುಡಿಯದೆ ಉಳಿಯಲು ಹನ್ನೆರಡು ಹೆಜ್ಜೆಗಳ ದಾರಿ ಚೆನ್ನಾಗಿಯೇ ನೆರವಾಗುತ್ತದೆ ಎಂದಿತು. ಒಳ್ಳೆಯದು. ಆದರೆ ತಟ್ಟೆ ತಳ್ಳುವುದು ನಿಂತಿತೇ ಎಂಬುದು ಅಂಥ ಲೆಕ್ಕಕ್ಕೆ ಸಿಗದು.

ಅದಕ್ಕೆ ಒಂಬತ್ತನೇ ಹೆಜ್ಜೆ ಇದೆ: ನೋಯಿಸಿದವರಿಗೆ ಆದ ಹಾನಿಯನ್ನು ನೇರವಾಗಿ ಸರಿಪಡಿಸು, ಅದರಿಂದ ಅವರಿಗೋ ಬೇರೆಯವರಿಗೋ ಮತ್ತೆ ನೋವಾಗುವಂತಿದ್ದರೆ ಬಿಡು. ತನ್ನ ಎದೆ ಹಗುರ ಮಾಡಿಕೊಳ್ಳಲು ಹೆಂಡತಿಯ ಮುಂದೆ ಹಳೆಯದೆಲ್ಲ ಕಕ್ಕುವುದನ್ನು ಇದು ತಡೆಯುತ್ತದೆ. ಸರಿಪಡಿಸುವುದೆಂದರೆ ಸಾಲ ತೀರಿಸುವುದು, ಮಗಳ ಫೀಸು ಹೊತ್ತಿಗೆ ಕಟ್ಟುವುದು, ಬೈಗುಳ ನಾಲಗೆಗೆ ಬಂದಾಗ ಎದ್ದು ಹೊರಗೆ ಹೋಗುವುದು. ಕ್ಷಮೆ ಸಿಕ್ಕೇ ಸಿಗುತ್ತದೆಂಬ ಭರವಸೆ ಇಲ್ಲ. ಗಂಡ ಕುಡಿತ ಬಿಡಲಿ ಎಂದು ವರ್ಷಗಳ ಕಾಲ ಹಂಬಲಿಸಿದ ಬಿಲ್ ಪತ್ನಿ ಲೋಯಿಸ್ ಅವರೇ, ಬಿಲ್ ಕುಡಿತ ಬಿಟ್ಟ ಮೇಲೆ ಒಂದು ದಿನ ‘ಹಾಳು ನಿನ್ನ ಮೀಟಿಂಗು’ ಎಂಬಂತೆ ಸಿಡಿದು ಚಪ್ಪಲಿ ಎಸೆದಿದ್ದರು. 1951ರಲ್ಲಿ ಅವರು ವ್ಯಸನಿಗಳ ಮನೆಯವರಿಗಾಗಿ ‘ಅಲ್-ಅನಾನ್’ ಕಟ್ಟಿದರು, ಅದೇ ಹನ್ನೆರಡು ಹೆಜ್ಜೆಗಳನ್ನು ಇಟ್ಟುಕೊಂಡು.