ಶಾಸಕರೇ, ಸುದ್ದಿ ಸಾಕು, ಲೆಕ್ಕ ಕೊಡಿ

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಭಾಗದ ಹಳ್ಳಿಗಳಿಗೆ ಆಗಾಗ ಶಾಸಕರ ಹೆಸರಿನ ಕರಪತ್ರ, ಕಿರುಹೊತ್ತಿಗೆ ಬರುತ್ತವೆ. ಈಗ ಅವು ಮೊಬೈಲಿಗೂ ಬರುತ್ತವೆ. ಹಾಳೆ ನುಣುಪಾಗಿರುತ್ತದೆ, ಮುದ್ರಣ ಚೆಂದ ಇರುತ್ತದೆ. ಒಳಗೆ ಗುದ್ದಲಿ ಹಿಡಿದ ಭೂಮಿಪೂಜೆಯ ಚಿತ್ರ, ರಿಬ್ಬನ್ ಕತ್ತರಿಸಿದ ಚಿತ್ರ, ಯಾವುದೋ ಊರಿನ ಜಾತ್ರೆಯಲ್ಲಿ ಶಾಲು ಹೊದೆಸಿಕೊಂಡ ಚಿತ್ರ. ಆಮೇಲೆ ಒಂದು ಪಟ್ಟಿ: ಊರಿನ ಹೆಸರು, ಕಾಮಗಾರಿಯ ಹೆಸರು, ಎದುರಿಗೆ ಲಕ್ಷಗಳ ಮೊತ್ತ. ಓದಿದವರು 'ಪಾಪ, ಸಾಕಷ್ಟು ಮಾಡ್ಯಾರ' ಅನ್ನುತ್ತಾರೆ. ಓದದವರು ಅದರ ಮೇಲೆ ಅವಲಕ್ಕಿ ಹಾಕಿಕೊಂಡು ತಿನ್ನುತ್ತಾರೆ.

ಆರಿಸಿ ಬಂದವರು ಮತದಾರರಿಗೆ ವರದಿ ಕೊಡುವುದು ಒಳ್ಳೆಯ ಪದ್ಧತಿ. ನನ್ನ ತಕರಾರು ವರದಿಯಲ್ಲಿ ಇರುವುದರ ಬಗ್ಗೆ ಅಲ್ಲ, ಇಲ್ಲದ್ದರ ಬಗ್ಗೆ. ಅದು ಸುದ್ದಿ ಹೇಳುತ್ತದೆ, ಲೆಕ್ಕ ಹೇಳುವುದಿಲ್ಲ.

ಇದು ಒಬ್ಬ ವ್ಯಕ್ತಿಯ ಮೇಲಿನ ದೂರಲ್ಲ. 2023ರ ಚುನಾವಣೆಯಲ್ಲಿ ನವಲಗುಂದದಿಂದ ಎನ್. ಎಚ್. ಕೋನರಡ್ಡಿಯವರು, ಕಲಘಟಗಿಯಿಂದ ಸಂತೋಷ ಲಾಡ್ ಅವರು, ಕುಂದಗೋಳದಿಂದ ಎಂ. ಆರ್. ಪಾಟೀಲರು ಆರಿಸಿ ಬಂದರು. ಮೊದಲಿಬ್ಬರು ಕಾಂಗ್ರೆಸ್ಸಿನವರು, ಪಾಟೀಲರು ಬಿಜೆಪಿಯವರು. ಅವರಿಗಿಂತ ಹಿಂದೆ ಇದ್ದವರಿಗೂ, ಮುಂದೆ ಬರುವವರಿಗೂ ನನ್ನ ಮಾತು ಒಂದೇ.

ಭಂಡಾರಿಯ ಆದರ್ಶ

2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಸರ್ಕಾರಿ ಕಚೇರಿಗಳ ಗೋಡೆಗೆ ಭಾವಚಿತ್ರ ಬಂತು. ಸಂತೋಷದ ಸಂಗತಿ. ಆದರೆ ಅಪ್ಪ ಬಸವಣ್ಣನವರು ಮಾಡುತ್ತಿದ್ದ ಉದ್ಯೋಗ ಯಾವುದು ಎಂಬುದನ್ನು ಆ ಚಿತ್ರದ ಕೆಳಗೆ ಕೂತವರು ನೆನೆಯಬೇಕು. ಅವರು ಬಿಜ್ಜಳನ ಭಂಡಾರದ ಲೆಕ್ಕ ನೋಡಿದವರು. ಭಂಡಾರದ ಹಣ ದಾಸೋಹಕ್ಕೆ ಹೋಗುತ್ತಿದೆ ಎಂದು ಆಸ್ಥಾನದಲ್ಲಿ ದೂರು ಹೋಯಿತು, ಲೆಕ್ಕ ತೆಗೆಸಿದಾಗ ಎಲ್ಲವೂ ಸರಿಯಾಗಿತ್ತು ಎಂದು ಅವರ ಚರಿತ್ರೆ ಹೇಳುವ ಕೃತಿಗಳು ಹೇಳುತ್ತವೆ. ಅಲ್ಲಿನ ಪವಾಡದ ಭಾಗವನ್ನು ಬದಿಗಿಡೋಣ. ಉಳಿಯುವ ತಿರುಳು ಇಷ್ಟೇ: ಲೆಕ್ಕ ಕೇಳಿದಾಗ ಅವರು ಸಿಟ್ಟಾಗಲಿಲ್ಲ, ತೆಗೆದು ತೋರಿಸಿದರು. ಹೆಚ್ಚಿಗೆ ತಂದ ಅಕ್ಕಿಯನ್ನು ಮರಳಿ ಸುರಿದು ಬಾ ಎಂದು ಗಂಡನನ್ನು ಕಳಿಸಿದ ಆಯ್ದಕ್ಕಿ ಲಕ್ಕಮ್ಮನವರದೂ ಲೆಕ್ಕದ ಧರ್ಮವೇ. ಸಾರ್ವಜನಿಕ ಹಣದ ಮಟ್ಟಿಗೆ ಕಾಯಕದ ಅರ್ಧ ಕೆಲಸ, ಇನ್ನರ್ಧ ಲೆಕ್ಕ.

ಮತದಾರನ ತಲೆಗೆ ನೂರು ರೂಪಾಯಿ

ಮೊದಲು ಒಂದು ಸಣ್ಣ ಗಣಿತ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ನಮ್ಮ ಕಡೆಯ ಒಂದೊಂದು ಕ್ಷೇತ್ರದಲ್ಲಿ ಸುಮಾರು 2 ಲಕ್ಷ ಮತದಾರರು. ಭಾಗಿಸಿದರೆ ಒಬ್ಬ ಮತದಾರನ ಪಾಲಿಗೆ ವರ್ಷಕ್ಕೆ 100 ರೂಪಾಯಿ. ಈ ಹಣವನ್ನೂ ಶಾಸಕರು ಕೈಯಿಂದ ಖರ್ಚು ಮಾಡುವುದಿಲ್ಲ. ಅವರು ಶಿಫಾರಸು ಮಾಡುತ್ತಾರೆ, ಜಿಲ್ಲಾಧಿಕಾರಿಗಳ ಮೂಲಕ ಅದು ಕಾಮಗಾರಿಗೆ ಹೋಗುತ್ತದೆ.

ಹಾಗಾದರೆ ಕಿರುಹೊತ್ತಿಗೆಯಲ್ಲಿನ ನೂರಾರು ಕೋಟಿ ಎಲ್ಲಿಂದ ಬಂತು? ಅದು ಲೋಕೋಪಯೋಗಿ, ನೀರಾವರಿ, ಗ್ರಾಮೀಣಾಭಿವೃದ್ಧಿ ಇಲಾಖೆಗಳ ಹಣ, ಕೇಂದ್ರದ ಯೋಜನೆಗಳ ಹಣ, ಗ್ರಾಮ ಪಂಚಾಯ್ತಿಗೆ ಹಣಕಾಸು ಆಯೋಗದಿಂದ ಬಂದ ಹಣ. ಯಾರೇ ಶಾಸಕರಾಗಿದ್ದರೂ ಬರಬೇಕಾದ ಹಣವೂ ಅದರಲ್ಲಿದೆ, ಶಾಸಕರು ಬೆನ್ನು ಹತ್ತಿ ತಂದ ಹಣವೂ ಇದೆ. ಎರಡನ್ನೂ ಬೇರೆ ಮಾಡಿ ಬರೆದರೆ ದುಡಿದವರಿಗೇ ಲಾಭ. ಎಲ್ಲವನ್ನೂ 'ನಮ್ಮ ಪರಿಶ್ರಮದ ಫಲ' ಎಂದು ಬರೆದರೆ ನಿಜವಾದ ಪರಿಶ್ರಮವೂ ಅದರಲ್ಲಿ ಮುಚ್ಚಿಹೋಗುತ್ತದೆ.

ವಿರೋಧ ಪಕ್ಷದ ಶಾಸಕರು 'ನಮ್ಮ ಕ್ಷೇತ್ರಕ್ಕೆ ಅನುದಾನ ಕೊಡುತ್ತಿಲ್ಲ' ಎನ್ನುವುದುಂಟು. ಅದೂ ಲೆಕ್ಕದ ವಿಷಯವೇ. ಯಾವ ಕಾಮಗಾರಿಗೆ, ಯಾವ ತಾರೀಖಿಗೆ ಪತ್ರ ಬರೆದರು, ಏನು ಉತ್ತರ ಬಂತು ಎಂಬುದನ್ನು ಅಚ್ಚು ಹಾಕಲಿ. ಜನ ತಾವೇ ತೀರ್ಮಾನಿಸುತ್ತಾರೆ.

ಮಂಜೂರಾತಿ ಬೇರೆ, ಕೆಲಸ ಬೇರೆ

ನಾನು ಸರ್ಕಾರಿ ಎಂಜಿನಿಯರ್ ಆಗಿ ನಿವೃತ್ತನಾದವನು. ನಮ್ಮ ತಿಂಗಳ ವರದಿಯಲ್ಲಿ ಎರಡು ಕಾಲಂ ಇರುತ್ತಿದ್ದವು: ಆರ್ಥಿಕ ಪ್ರಗತಿ, ಭೌತಿಕ ಪ್ರಗತಿ. ದುಡ್ಡು ಎಷ್ಟು ಹೋಯಿತು ಎಂಬುದು ಒಂದು, ನೆಲದ ಮೇಲೆ ಏನು ಎದ್ದಿತು ಎಂಬುದು ಇನ್ನೊಂದು. ಎರಡರ ನಡುವೆ ಅಂತರ ಬಂದರೆ ಮೇಲಿನವರು ಕರೆದು ಕೇಳುತ್ತಿದ್ದರು. ಅಳತೆ ಪುಸ್ತಕದಲ್ಲಿ, ಅಂದರೆ ಎಂ.ಬಿ.ಯಲ್ಲಿ, ಉದ್ದ, ಅಗಲ, ದಪ್ಪ ಬರೆದು ಸಹಿ ಮಾಡದೆ ಬಿಲ್ಲು ಮುಂದೆ ಹೋಗುತ್ತಿರಲಿಲ್ಲ. ಶಾಸಕರ ಕಿರುಹೊತ್ತಿಗೆಯಲ್ಲಿ ಇರುವುದು ಇವೆರಡೂ ಅಲ್ಲ, ಅವುಗಳಿಗಿಂತ ಹಿಂದಿನ ಮೊದಲ ಮೆಟ್ಟಿಲು: ಮಂಜೂರಾತಿ.

ನಮ್ಮ ಎರೆಭೂಮಿಯಲ್ಲಿ ರಸ್ತೆ ಮಾಡಿದವರಿಗೆ ಇದರ ಅರ್ಥ ಬೇಗ ಆಗುತ್ತದೆ. ಕರಿಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಕೆಳಗೆ ಸಾಕಷ್ಟು ಗರಸು ಹಾಕಿ ದಮ್ಮಸು ಮಾಡದೆ, ಎರಡೂ ಬದಿಗೆ ನೀರು ಹರಿಯುವ ಗಟಾರು ತೆಗೆಯದೆ, ಹಳ್ಳ ದಾಟುವಲ್ಲಿ ಪೈಪು, ಸಿಡಿ ಕೂಡಿಸದೆ ಮೇಲೆ ಡಾಂಬರು ಎಳೆದರೆ ಅದು ಒಂದೆರಡು ಮಳೆಗಾಲದ ಮಾತು. ಹೊಲಕ್ಕೆ ಹೋಗುವ ಚಕ್ಕಡಿ ದಾರಿಯ ಗತಿ ಇನ್ನೂ ಕಷ್ಟ. ಹೆಸರು ಬಿಡಿಸುವ ಹೊತ್ತಿಗೆ ಮಳೆ ಹಿಡಿದರೆ ಟ್ರ್ಯಾಕ್ಟರ್ ಹುಗಿಯುತ್ತದೆ, ಬೆಳೆ ಹೊಲದಲ್ಲೇ ಮೊಳಕೆ ಒಡೆಯುತ್ತದೆ. ಅದೇ ರಸ್ತೆಗೆ ಮತ್ತೆ ಮಂಜೂರಾತಿ ಸಿಕ್ಕಾಗ ಮತ್ತೆ ಭೂಮಿಪೂಜೆ, ಮತ್ತೆ ಚಿತ್ರ. ಕಿರುಹೊತ್ತಿಗೆಯಲ್ಲಿ ಅದು ಎರಡು ಸಾಧನೆ. ಕೆಲಸ ಮುಗಿದ ಮೇಲೂ ಇಂತಿಷ್ಟು ಅವಧಿಯವರೆಗೆ ಕೆಟ್ಟದ್ದನ್ನು ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು ಎಂಬ ಷರತ್ತು ಕರಾರಿನಲ್ಲಿ ಇರುತ್ತದೆ. ಆ ಅವಧಿ ಯಾವಾಗ ಮುಗಿಯುತ್ತದೆ ಎಂಬ ಒಂದು ಸಾಲು ಅಚ್ಚಾದರೆ ಎಷ್ಟೋ ರಸ್ತೆಗಳ ಆಯುಷ್ಯ ಬೆಳೆಯುತ್ತದೆ.

ನೀರಿನ ಲೆಕ್ಕ

ನೀರಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಪ್ರಕಾರ ಹಳ್ಳಿಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು ಮುಟ್ಟಬೇಕು. ವರದಿಯಲ್ಲಿ ಎಷ್ಟು ಮನೆಗೆ ನಳ ಕೂಡಿಸಿದರು ಎಂಬ ಎಣಿಕೆ ಸಿಗುತ್ತದೆ. ಆ ನಳಕ್ಕೆ ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು ನೀರು ಬರುತ್ತದೆ ಎಂಬುದು ಸಿಗುವುದಿಲ್ಲ. ಓಣಿಯ ತಾಯಂದಿರಿಗೆ ಬೇಕಾದದ್ದು ಎರಡನೆಯ ಲೆಕ್ಕ.

ಈ ವ್ಯತ್ಯಾಸದ ಬೆಲೆ ಏನೆಂದು ನವಲಗುಂದದ ಮಣ್ಣಿಗೆ ಗೊತ್ತು. ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು 1972ರಲ್ಲಿ ಮುಗಿಯಿತು. ಕಾಲುವೆ ತೋಡಿದ್ದು ಸರ್ಕಾರದ ಪುಸ್ತಕದಲ್ಲಿ ಪ್ರಗತಿಯಾಗಿ ಏರಿತು. ನೀರು ಸರಿಯಾಗಿ ಮುಟ್ಟದ ಹೊಲಗಳ ರೈತರಿಗೂ ಅಭಿವೃದ್ಧಿ ಕರ, ನೀರಿನ ಕರದ ನೋಟಿಸು ಬಂತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರಾಗಿ ಜೀವಗಳು ಹೋದವು. ಪ್ರತಿ ವರ್ಷ ಅದೇ ದಿನ ನಾವು ಹುತಾತ್ಮ ರೈತರಿಗೆ ಮಾಲೆ ಹಾಕುತ್ತೇವೆ. ಸರ್ಕಾರದ ಲೆಕ್ಕದ ಕಾಲುವೆಗೂ ರೈತನ ಹೊಲದ ಕಾಲುವೆಗೂ ತಾಳೆಯಾಗದಿದ್ದರೆ ಏನಾಗುತ್ತದೆ ಎಂಬುದು ಆ ದಿನದ ಪಾಠ.

ಮಹದಾಯಿಯ ಬಗ್ಗೆಯೂ ಅಷ್ಟೇ. 'ಶೀಘ್ರದಲ್ಲೇ ಕಳಸಾ-ಬಂಡೂರಿ' ಎಂಬ ಸಾಲನ್ನು ಎಲ್ಲ ಪಕ್ಷದವರೂ ಬರೆದಿದ್ದಾರೆ. ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಬಹುದಾದದ್ದು 3.90 ಟಿಎಂಸಿ, ಅದೂ ಮುಖ್ಯವಾಗಿ ಕುಡಿಯುವ ನೀರಿಗೆ. ತೀರ್ಪು ಕೇಂದ್ರದ ರಾಜ್ಯಪತ್ರದಲ್ಲಿ ಬಂದದ್ದು 2020ರ ಫೆಬ್ರುವರಿಯಲ್ಲಿ. ಯೋಜನಾ ವರದಿಗೆ ಕೇಂದ್ರ ಜಲ ಆಯೋಗ ಒಪ್ಪಿದ್ದು 2022ರ ಡಿಸೆಂಬರ್‌ನಲ್ಲಿ. ಆಮೇಲೆ ಅರಣ್ಯ ಮತ್ತು ವನ್ಯಜೀವಿ ಅನುಮತಿಯ ಗಂಟು. ಮಲಪ್ರಭಾ ಜಲಾಶಯದ ಸಾಮರ್ಥ್ಯ 37.73 ಟಿಎಂಸಿ. ಬರಬಹುದಾದ ನೀರು ಅದರ ಹತ್ತನೆಯ ಒಂದು ಪಾಲು. ಇಷ್ಟನ್ನು ಒಂದು ಹಾಳೆಯಲ್ಲಿ ತಿಳಿಸಿ, 'ಇದರಲ್ಲಿ ನನ್ನ ಕೈಯಲ್ಲಿರುವುದು ಇಷ್ಟು, ಇಲ್ಲದಿರುವುದು ಇಷ್ಟು' ಎಂದು ಬರೆಯುವ ಶಾಸಕರನ್ನು ಯಾವ ರೈತನೂ ಬೈಯುವುದಿಲ್ಲ. ರೈತನಿಗೆ ಮಳೆಯ ಅನಿಶ್ಚಿತತೆ ಗೊತ್ತು. ಅವನು ತಾಳದಿರುವುದು ಸುಳ್ಳು ಮೋಡವನ್ನು.

ಐದು ಕಾಲಂ ಸಾಕು

ನನ್ನ ಸೂಚನೆ ಸರಳ. ಪ್ರತಿ ಕಾಮಗಾರಿಯ ಎದುರಿಗೆ ಐದು ಕಾಲಂ ಇರಲಿ.

1. ಯಾವ ಇಲಾಖೆಯ, ಯಾವ ಯೋಜನೆಯ ಹಣ; ಮಂಜೂರಾದದ್ದು ಎಷ್ಟು.
2. ಈವರೆಗೆ ಬಿಲ್ಲಾದದ್ದು ಎಷ್ಟು.
3. ನೆಲದ ಮೇಲೆ ಆದದ್ದು ಎಷ್ಟು.
4. ಗುತ್ತಿಗೆದಾರ ಯಾರು, ಅವನ ಹೊಣೆ ಎಲ್ಲಿಯವರೆಗೆ.
5. ಮುಂದೆ ನೋಡಿಕೊಳ್ಳುವವರು ಯಾರು, ಅದಕ್ಕೆ ಹಣ ಎಲ್ಲಿಂದ.

ಐದನೆಯದನ್ನು ಎಲ್ಲರೂ ಮರೆಯುತ್ತಾರೆ. ಟ್ಯಾಂಕ್ ಕಟ್ಟಿದ ಮೇಲೆ ಮೋಟಾರು ಸುಟ್ಟರೆ ಯಾರು ಕಟ್ಟಿಸಬೇಕು, ಕರೆಂಟ್ ಬಿಲ್ಲು ಯಾರು ತುಂಬಬೇಕು, ವಾಟರ್‌ಮನ್‌ಗೆ ಪಗಾರ ಯಾರು ಕೊಡಬೇಕು? ಭಾರವೆಲ್ಲ ಪಂಚಾಯ್ತಿಯ ಮೇಲೆ, ಉದ್ಘಾಟನೆಯ ಕಲ್ಲು ಮಾತ್ರ ಶಾಸಕರ ಹೆಸರಿನಲ್ಲಿ.

ಸೇವೆಗಳ ಲೆಕ್ಕವೂ ಬೇಕು. 2017ರ ಬಜೆಟ್ಟಿನಲ್ಲಿ ಅಣ್ಣಿಗೇರಿಯನ್ನು ತಾಲೂಕು ಎಂದು ಘೋಷಿಸಿದರು. ಯಾವ ಯಾವ ಕಚೇರಿ ಬಂದಿವೆ, ಯಾವ ಕೆಲಸಕ್ಕೆ ಜನ ಇನ್ನೂ ನವಲಗುಂದಕ್ಕೆ ಬಸ್ಸು ಹತ್ತಬೇಕು ಎಂಬುದು ವರದಿಯಲ್ಲಿ ಇರಬೇಕು. ಗೃಹಲಕ್ಷ್ಮಿಯ 2,000 ರೂಪಾಯಿ ಇಡೀ ರಾಜ್ಯಕ್ಕೆ ಕೊಟ್ಟದ್ದು. ನಮ್ಮ ಶಾಸಕರು ಹೇಳಬೇಕಾದದ್ದು ನಮ್ಮ ತಾಲೂಕಿನಲ್ಲಿ ಎಷ್ಟು ಅರ್ಜಿ ಯಾವ ಕಾರಣಕ್ಕೆ ನಿಂತಿವೆ ಎಂಬುದನ್ನು. ಬೆಳೆವಿಮೆ, ಬೆಳೆ ಪರಿಹಾರ, ವೃದ್ಧಾಪ್ಯ ವೇತನ ಎಲ್ಲಕ್ಕೂ ಇದೇ ಮಾತು. ತಾಲೂಕಿನ ತ್ರೈಮಾಸಿಕ ಕೆ.ಡಿ.ಪಿ. ಸಭೆಗೆ ಶಾಸಕರೇ ಅಧ್ಯಕ್ಷರು. ಈ ಅಂಕಿಗಳು ಅವರ ಮೇಜಿನ ಮೇಲೇ ಬರುತ್ತವೆ. ಹೊಸದಾಗಿ ಹುಡುಕಬೇಕಿಲ್ಲ.

ಇನ್ನು ಶಾಸಕ ಎಂದರೆ ಶಾಸನ ಮಾಡುವವನು. ವರದಿಯಲ್ಲಿ ಅದರ ಸುಳಿವೇ ಇರುವುದಿಲ್ಲ. ಎಷ್ಟು ದಿನ ಸದನದಲ್ಲಿದ್ದರು, ಯಾವ ಪ್ರಶ್ನೆ ಕೇಳಿದರು, ಮಂತ್ರಿಗಳು ಏನು ಉತ್ತರ ಕೊಟ್ಟರು? ಬೆಳಗಾವಿಯ ಸುವರ್ಣ ವಿಧಾನಸೌಧ ನಮ್ಮ ಮನೆ ಬಾಗಿಲಲ್ಲಿದೆ. ಅಲ್ಲಿ ಬೆಣ್ಣಿಹಳ್ಳದ ಪ್ರವಾಹದ ಬಗ್ಗೆ ಆಡಿದ ಒಂದು ಮಾತು ಹತ್ತು ಭೂಮಿಪೂಜೆಯ ಚಿತ್ರಕ್ಕಿಂತ ನಮಗೆ ಹೆಚ್ಚು.

ಮತ್ತೊಂದು ಸಂಗತಿ. ಸರ್ಕಾರಿ ನೌಕರ ವರ್ಗವಾಗಿ ಹೋಗುವಾಗ ಚಾರ್ಜ್ ಕೊಡಬೇಕು. ನಡೆದಿರುವ ಕೆಲಸ, ಉಳಿದ ಬಿಲ್ಲು, ಸ್ಟಾಕಿನಲ್ಲಿರುವ ಸಾಮಾನು ಎಲ್ಲವನ್ನೂ ಪಟ್ಟಿ ಮಾಡಿ ಸಹಿ ಹಾಕಿ ಹೋಗಬೇಕು. ನವಲಗುಂದ ಕ್ಷೇತ್ರ 2008ರಿಂದ ಪ್ರತಿ ಚುನಾವಣೆಗೂ ಕೈ ಬದಲಿಸಿದೆ. ಕುಂದಗೋಳ ಸಿ. ಎಸ್. ಶಿವಳ್ಳಿಯವರ ನಿಧನದ ನಂತರ 2019ರಲ್ಲಿ ನಡುವೆಯೇ ಉಪಚುನಾವಣೆ ಕಂಡಿತು. ಒಬ್ಬರು ಇನ್ನೊಬ್ಬರಿಗೆ ಚಾರ್ಜ್ ಕೊಡುವ ಪದ್ಧತಿ ಇಲ್ಲ. ಹಾಗಾಗಿ ಅರ್ಧಕ್ಕೆ ನಿಂತ ಕಾಮಗಾರಿ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಶಾಸಕರ ಕೊನೆಯ ವರದಿಯೇ ಚಾರ್ಜ್ ಪಟ್ಟಿಯಾಗಲಿ.

ನಮ್ಮ ಪಾಲು

ಇಷ್ಟೆಲ್ಲ ಹೇಳಿ ನಮ್ಮ ಕಡೆ ನೋಡದಿದ್ದರೆ ಅದು ಶರಣಮಾರ್ಗ ಅಲ್ಲ. ನಾವು ಶಾಸಕರ ಬಳಿ ಹೋಗಿ ಏನು ಕೇಳುತ್ತೇವೆ? ಸಮುದಾಯ ಭವನ. ಅದೂ ಊರಿಗೆಲ್ಲ ಒಂದಲ್ಲ, ಒಳಪಂಗಡಕ್ಕೊಂದು. ಎಲ್ಲರನ್ನೂ 'ಇವ ನಮ್ಮವ' ಎಂದು ಅಪ್ಪಬೇಕಾದವರು ಭವನದ ಬಾಗಿಲ ಮೇಲೆ ಪಂಗಡದ ಹೆಸರು ಕೆತ್ತಿಸುತ್ತೇವೆ. ಮದುವೆ ಸೀಸನ್ ಮುಗಿದ ಮೇಲೆ ಅದಕ್ಕೆ ಬೀಗ. ಅದೇ ಊರಿನ ಅಂಗನವಾಡಿ ಸೋರುತ್ತಿರುತ್ತದೆ. ಶಾಸಕರು ಯಾವುದು ಮತ ತರುತ್ತದೋ ಅದನ್ನೇ ಕೊಡುತ್ತಾರೆ. ಬೇಡಿಕೆಯೇ ಹಾಗಿದ್ದ ಮೇಲೆ ಪಟ್ಟಿಯನ್ನು ದೂರಿ ಫಲವಿಲ್ಲ.

ಮಠಗಳ ವೇದಿಕೆಯ ಬಗ್ಗೆಯೂ ಪೂಜ್ಯರಲ್ಲಿ ವಿನಯದಿಂದ ಒಂದು ಬಿನ್ನಹ. ಜಾತ್ರೆಯಲ್ಲಿ, ಶರಣ ಸಮ್ಮೇಳನದಲ್ಲಿ ಶಾಸಕರಿಗೆ ಶಾಲು, ಮಾಲೆ, ಫಲಪುಷ್ಪ ಅರ್ಪಿಸುತ್ತೇವೆ. ಆ ಚಿತ್ರವೇ ಮುಂದಿನ ಕಿರುಹೊತ್ತಿಗೆಯಲ್ಲಿ ಅಚ್ಚಾಗುತ್ತದೆ. ಬದಲಿಗೆ ವರ್ಷಕ್ಕೊಮ್ಮೆ ಮಾಸಿಕ ಶಿವಾನುಭವ ಗೋಷ್ಠಿಗೆ ಅವರನ್ನು, ಅವರ ಪಕ್ಷ ಯಾವುದೇ ಇರಲಿ, ಕರೆಯೋಣ. ಐದು ಕಾಲಮ್ಮಿನ ಹಾಳೆಯನ್ನು ಎದ್ದು ನಿಂತು ಓದಲಿ. ಆಮೇಲೆ ಎಲ್ಲ ಜಾತಿಯ, ಎಲ್ಲ ಓಣಿಯ ಜನ, ಅದರಲ್ಲೂ ಹೆಣ್ಣುಮಕ್ಕಳು, ಪ್ರಶ್ನೆ ಕೇಳಲಿ. ಅನುಭವ ಮಂಟಪದಲ್ಲಿ ಪ್ರಶ್ನೆ ಕೇಳುವವರ ಕುಲ ನೋಡುತ್ತಿರಲಿಲ್ಲ.

ಮಠ ರಾಜಕಾರಣಕ್ಕೆ ಇಳಿಯಬಾರದು ಎಂದು ಕೆಲವರು ಆಕ್ಷೇಪಿಸಬಹುದು. ಸನ್ಮಾನ ಮಾಡುವಾಗ ಈಗಾಗಲೇ ಇಳಿದಾಗಿದೆ. ಲೆಕ್ಕ ಕೇಳುವುದರಲ್ಲಿ ಅದಕ್ಕಿಂತ ಕಡಿಮೆ ರಾಜಕಾರಣವಿದೆ, ಹೆಚ್ಚು ಧರ್ಮವಿದೆ. ಶಾಸಕರಿಗೆ ಮುಜುಗರವಾಗುತ್ತದೆ ಎಂದು ಇನ್ನು ಕೆಲವರು ಹೇಳಬಹುದು. ಸರಿಯಾಗಿ ದುಡಿದವರಿಗೆ ಮುಜುಗರವೇಕೆ? ಗ್ರಾಮ ಪಂಚಾಯ್ತಿಯ ಸದಸ್ಯ ಗ್ರಾಮಸಭೆಯಲ್ಲಿ ಉತ್ತರ ಕೊಡಬೇಕು, ಜಮಾಬಂದಿಯಲ್ಲಿ ಅವನ ಪುಸ್ತಕ ತೆರೆಯಬೇಕು. ಅವನಿಗಿರುವ ಕಟ್ಟಳೆ ಅವನಿಗಿಂತ ದೊಡ್ಡವರಿಗೆ ಭಾರವಾಗಬಾರದು.

ಯಾರೂ ಬರದಿದ್ದರೂ ನಾವು ಸುಮ್ಮನೆ ಕೂಡಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಪ್ರತಿ ಊರಿನ ಬಸವ ಬಳಗದಲ್ಲಿ ಓದುಬರಹ ಬಲ್ಲ ಇಬ್ಬರು ಯುವಕರು, ಒಬ್ಬ ನಿವೃತ್ತ ನೌಕರ ಸಿಕ್ಕೇ ಸಿಗುತ್ತಾರೆ. ತಮ್ಮ ಊರಿನ ಒಂದೇ ಒಂದು ಕಾಮಗಾರಿಯ ಅಂದಾಜು ಪತ್ರಿಕೆ ಮತ್ತು ಅಳತೆ ಪುಸ್ತಕದ ನಕಲು ತೆಗೆಸಿ, ಟೇಪು ಹಿಡಿದು ಅಳೆಯಲಿ. ಅಳತೆ ಸರಿಬಂದರೆ ಊರ ಮುಂದೆ ನಿಂತು ಶಾಸಕರನ್ನೂ ಗುತ್ತಿಗೆದಾರನನ್ನೂ ಹೊಗಳಲಿ. ಬರದಿದ್ದರೆ ಎಷ್ಟು ಕಡಿಮೆ ಎಂದು ಅಗಸಿಯ ಕಟ್ಟೆಯ ಮೇಲೆ ಬರೆದು ಹಚ್ಚಲಿ. ಮುಂದಿನ ಕಿರುಹೊತ್ತಿಗೆ ತಾನಾಗಿಯೇ ಬೇರೆ ರೀತಿ ಅಚ್ಚಾಗುತ್ತದೆ.