ಬಿತ್ತನೆ ಬೀಜಕ್ಕೆ ಕೈ ಹಾಕುವ ಮುನ್ನ

ಮೆಕ್ಯಾನಿಕಲ್ ಎಂಜಿನಿಯರಿಂಗ್‌ನ ಎಂ.ಟೆಕ್ ಕೋರ್ಸೊಂದು ಮುಚ್ಚುವಾಗ ಸದ್ದಾಗುವುದಿಲ್ಲ. ಕಾರ್ಖಾನೆ ಮುಚ್ಚಿದರೆ ಕಾರ್ಮಿಕರು ಗೇಟಿನ ಮುಂದೆ ಕೂರುತ್ತಾರೆ, ಶಾಸಕರು ಬಂದು ಭರವಸೆ ಕೊಟ್ಟು ಹೋಗುತ್ತಾರೆ. ಇಲ್ಲಿ ಅಂಥದ್ದೇನೂ ನಡೆಯುವುದಿಲ್ಲ. ಒಂದು ವರ್ಷ 18 ಸೀಟಿಗೆ ಐವರು ಸೇರುತ್ತಾರೆ. ಮರುವರ್ಷ ಇಬ್ಬರು, ಆ ಇಬ್ಬರೂ ಎಲ್ಲೋ ಕೆಲಸದಲ್ಲಿದ್ದು ಪರೀಕ್ಷೆಗಷ್ಟೇ ಮುಖ ತೋರಿಸುವವರು. ಆಮೇಲೆ ಥರ್ಮಲ್ ಪವರ್ ವಿಭಾಗಕ್ಕೆ ‘ಈ ಸಾಲಿಗೆ ಪ್ರವೇಶವಿಲ್ಲ’ ಎಂದು ಒಂದು ಸಾಲಿನ ಟಿಪ್ಪಣಿ ಬರುತ್ತದೆ, ಅದರ ಹಿಂದೆಯೇ ಮಷೀನ್ ಡಿಸೈನ್‌ಗೂ. ಆಡಳಿತ ಮಂಡಳಿಯ ಸಭೆಯಲ್ಲಿ ಇದು ಎರಡು ನಿಮಿಷದ ವಿಷಯ. ಉಳಿದ ಹೊತ್ತೆಲ್ಲ ಕಂಪ್ಯೂಟರ್ ಸೈನ್ಸ್‌ಗೆ ಇನ್ನೆಷ್ಟು ಸೀಟು ಕೇಳಬಹುದು ಎಂಬುದಕ್ಕೆ ಬೇಕು. 2024-25ರಲ್ಲಿ ತಾಂತ್ರಿಕ ಶಿಕ್ಷಣದ ನಿಯಂತ್ರಕ ಸಂಸ್ಥೆ ಎಐಸಿಟಿಇ ಸೀಟುಗಳ ಗರಿಷ್ಠ ಮಿತಿಯನ್ನು ಸಡಿಲಿಸಿದ ಮೇಲಂತೂ ಕೇಳುವವರಿಗೆ ಅಡ್ಡಿಯೇ ಉಳಿದಿಲ್ಲ.

ಸೀಟು ಖಾಲಿ ಬೀಳುವುದು ಕೊನೆಯ ಹಂತ. ಅದಕ್ಕಿಂತ ಮುಂಚಿನ ಗುರುತುಗಳು ಸಣ್ಣವು. ಕಣ್ಣಿಟ್ಟವರಿಗೆ ಮಾತ್ರ ಕಾಣುತ್ತವೆ. ವೈಬ್ರೇಷನ್ ಲ್ಯಾಬಿನ ಎಕ್ಸೈಟರ್ ಕೆಟ್ಟು ನಿಂತಿರುತ್ತದೆ, ರಿಪೇರಿಗೆ ಬರೆದ ಪತ್ರ ಕಡತದಲ್ಲಿ ಮಲಗಿರುತ್ತದೆ. ವಿದ್ಯಾರ್ಥಿಯ ರೆಕಾರ್ಡಿನಲ್ಲಿ ಮಾತ್ರ ರೀಡಿಂಗುಗಳು ತಪ್ಪದೆ ಇರುತ್ತವೆ, ಹಿಂದಿನ ಬ್ಯಾಚಿನವು. ಪ್ರಾಜೆಕ್ಟ್ ವರದಿ ತೆರೆದರೆ ಪುಟಪುಟಕ್ಕೂ ಆನ್ಸಿಸ್ ಸಾಫ್ಟ್‌ವೇರ್‌ನ ಬಣ್ಣದ ಚಿತ್ರ. ಕೆಂಪಿರುವಲ್ಲಿ ಒತ್ತಡ ಹೆಚ್ಚು, ನೀಲಿಯಿರುವಲ್ಲಿ ಕಡಿಮೆ, ಅಲ್ಲಿಗೆ ವಿವರಣೆ ಮುಗಿಯಿತು. ಮೆಶ್ ಇನ್ನಷ್ಟು ಸಣ್ಣದು ಮಾಡಿದರೆ ಉತ್ತರ ಬದಲಾಗುತ್ತದೆಯೇ ಎಂದು ವೈವಾದಲ್ಲಿ ಕೇಳಿದರೆ ಹುಡುಗ ಗೈಡ್‌ ಮುಖ ನೋಡುತ್ತಾನೆ. ಸ್ಟ್ರೇನ್ ಗೇಜ್ ಅಂಟಿಸಿ ನಿಜವಾದ ಲೋಹದ ಮೇಲೆ ಅಳೆದು ನೋಡಿದ ಒಂದು ಪುಟವೂ ಅದರಲ್ಲಿರುವುದಿಲ್ಲ. ಅಷ್ಟರಲ್ಲಿ ಫ್ಲೂಯಿಡ್ ಮೆಕ್ಯಾನಿಕ್ಸ್ ಹೇಳುತ್ತಿದ್ದ ಮೇಡಂ ಅವರಿಗೆ ಮೊದಲ ವರ್ಷದವರ ಡ್ರಾಯಿಂಗ್ ತರಗತಿ ಹಚ್ಚಿರುತ್ತಾರೆ, ಇನ್ನೊಬ್ಬರಿಗೆ ಪೈಥಾನ್ ಕಲಿತು ಪಾಠ ಮಾಡಿ ಎಂದಿರುತ್ತಾರೆ. ಅವರೂ ಬೇರೆ ದಾರಿಯಿಲ್ಲದೆ ಒಪ್ಪಿಕೊಳ್ಳುತ್ತಾರೆ.

ಇದರಿಂದ ಕಳೆದುಕೊಳ್ಳುವುದೇನು ಎಂದು ಕೇಳುವವರಿಗೆ ಪೀಣ್ಯದ ಸಣ್ಣ ಕಾರ್ಖಾನೆಯೊಂದನ್ನು ಊಹಿಸಿಕೊಳ್ಳಲು ಹೇಳುತ್ತೇನೆ. ಪಂಪಿನ ಶಾಫ್ಟ್ ಮುರಿದಿದೆ. ಲೆಕ್ಕದ ಪ್ರಕಾರ ಅದು ಮುರಿಯಬಾರದಿತ್ತು, ಬಿ.ಇ. ಮುಗಿಸಿದ ಹುಡುಗ ಆ ಲೆಕ್ಕ ಸರಿಯಾಗಿಯೇ ಮಾಡಿದ್ದಾನೆ. ಆದರೆ ಮುರಿದ ಮುಖದ ಮೇಲೆ ಕಡಲ ದಂಡೆಯ ಅಲೆಗುರುತಿನ ಹಾಗೆ ಕಮಾನು ಕಮಾನಾದ ಗೆರೆಗಳಿವೆ. ಬಿರುಕು ಎಲ್ಲಿ ಹುಟ್ಟಿತು, ಎಷ್ಟು ಕಾಲ ಮೆಲ್ಲಗೆ ಬೆಳೆಯಿತು, ಕೊನೆಗೆ ಎಷ್ಟು ಲೋಹ ಉಳಿದಾಗ ಒಮ್ಮೆಲೇ ತುಂಡಾಯಿತು ಎಂಬುದೆಲ್ಲ ಆ ಗೆರೆಗಳಲ್ಲಿದೆ. ಅದನ್ನು ಓದುವ ವಿದ್ಯೆಗೆ ಫೆಟೀಗ್, ಫ್ರ್ಯಾಕ್ಚರ್ ಮೆಕ್ಯಾನಿಕ್ಸ್ ಎಂದು ಹೆಸರು. ಬಿ.ಇ.ಯಲ್ಲಿ ಅದರ ಪರಿಚಯವಾಗುತ್ತದೆ, ಕೈ ಪಳಗುವುದು ಸ್ನಾತಕೋತ್ತರ ಹಂತದಲ್ಲಿ. ರೋಟರ್ ಡೈನಮಿಕ್ಸ್, ಕ್ರೀಪ್, ಟರ್ಬ್ಯುಲೆನ್ಸ್ ಎಲ್ಲದರ ಕಥೆಯೂ ಇದೇ. ಓದಬಲ್ಲವರು ಇಲ್ಲದಿದ್ದರೆ ಮಾಲೀಕ ಇನ್ನೂ ದಪ್ಪ ಶಾಫ್ಟ್ ಹಾಕಿಸುತ್ತಾನೆ. ಅದೂ ಮುರಿಯುತ್ತದೆ. ಮೂರನೆಯ ಸಲ ಹೊರದೇಶದ ಪಂಪು ತರಿಸುತ್ತಾನೆ.

ಆದರೆ ನನ್ನ ದೊಡ್ಡ ಆತಂಕ ಕಾರ್ಖಾನೆಯದ್ದಲ್ಲ, ತರಗತಿಯದ್ದು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಎಂ.ಟೆಕ್ ಕನಿಷ್ಠ ಅರ್ಹತೆ. ಕಾಲೇಜುಗಳು ಏಕಾಏಕಿ ಹೆಚ್ಚಿದ ಎಂಬತ್ತು-ತೊಂಬತ್ತರ ದಶಕಗಳಲ್ಲಿ ಕೆಲಸಕ್ಕೆ ಸೇರಿದವರು ಈಗ ನಿವೃತ್ತಿಯ ಅಂಚಿನಲ್ಲಿದ್ದಾರೆ, ಹಲವರು ಆಗಲೇ ಮನೆ ಸೇರಿದ್ದಾರೆ. ಅವರ ಜಾಗಕ್ಕೆ ಬರಬೇಕಾದವರೇ 18 ಸೀಟುಗಳಲ್ಲಿ ಇವತ್ತು ಸೇರದೆ ಇರುವ ಆ ಹದಿನಾರು ಮಂದಿ. ಬಿ.ಇ.ಗೆ ಹದಿನೈದು ವಿದ್ಯಾರ್ಥಿಗಳಿಗೊಬ್ಬ ಅಧ್ಯಾಪಕ ಎಂಬ ನಿಯಮವನ್ನು 2018ರಲ್ಲಿ ಇಪ್ಪತ್ತಕ್ಕೆ ಏರಿಸಿದಾಗ ಖರ್ಚು ಉಳಿಯಿತೆಂದು ಕಾಲೇಜುಗಳು ನೆಮ್ಮದಿಯ ನಿಟ್ಟುಸಿರುಬಿಟ್ಟವು, ಎಂ.ಟೆಕ್ ಮಾಡಿದರೆ ಮೇಷ್ಟರ ಕೆಲಸವಾದರೂ ಸಿಕ್ಕೀತು ಎಂದುಕೊಂಡಿದ್ದ ಹುಡುಗರಿಗೆ ಆ ಬಾಗಿಲೂ ಕಿರಿದಾಯಿತು. ಬರಗಾಲದಲ್ಲಿ ಬಿತ್ತನೆ ಬೀಜ ಕುಟ್ಟಿ ಉಂಡ ಮನೆಯಲ್ಲಿ ಆ ರಾತ್ರಿ ಯಾರೂ ಹಸಿದಿರುವುದಿಲ್ಲ. ಹಾಗೆಯೇ ನಮಗೂ ಇವತ್ತು ಕೊರತೆ ಕಾಣುತ್ತಿಲ್ಲ.

ಇಂಥದ್ದನ್ನು ಈ ರಾಜ್ಯ ಒಮ್ಮೆ ಕಂಡಿದೆ. 1953ರಲ್ಲಿ ಸ್ವಿಸ್ ಕಂಪನಿ ಓರ್ಲಿಕಾನ್‌ನ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಜೊತೆಗೂಡಿ ಕೈಗಡಿಯಾರಕ್ಕಿಳಿಯಿತು. ಎಂಬತ್ತರ ದಶಕದಲ್ಲಿ ಕ್ವಾರ್ಟ್ಸ್ ಅಲೆ ಎದ್ದಾಗ, ತಾನೂ ಕ್ವಾರ್ಟ್ಸ್ ಮಾಡುತ್ತಿದ್ದರೂ, ಕೀಲಿ ಕೊಡುವ ಗಡಿಯಾರದ ಮೇಲೆಯೇ ಭಾರ ಹಾಕಿ ಕೂತಿತು. ಅಂಗಡಿಯಲ್ಲಿ ಮಾಲು ಬಿಕರಿಯಾಗುತ್ತಿತ್ತು, ಮದುವೆ ಉಡುಗೊರೆ ಎಂದರೆ ಎಚ್‌ಎಂಟಿಯೇ ಆಗಿತ್ತು, ಚಿಂತೆ ಯಾರಿಗೆ? 2016ರಲ್ಲಿ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದಾಗ ಕಣ್ಣೀರು ಹಾಕಿದವರಲ್ಲಿ ಸಣ್ಣ ಗುರುತುಗಳನ್ನು ನಕ್ಕು ತಳ್ಳಿಹಾಕಿದ್ದವರೂ ಇದ್ದರು.

ವಿದ್ಯೆಯ ಕೊರತೆ ಇನ್ನೂ ನಿಧಾನದ್ದು, ಇನ್ನೂ ದುಬಾರಿ. ಬೆಂಗಳೂರಿನ ರಕ್ಷಣಾ ಸಂಶೋಧನಾ ಸಂಸ್ಥೆ ಜಿಟಿಆರ್‌ಇ ಎಂಬತ್ತರ ದಶಕದಲ್ಲೇ ಕಾವೇರಿ ಜೆಟ್ ಎಂಜಿನ್‌ಗೆ ಕೈಹಾಕಿತು. ಉರಿಯುವ ಅನಿಲದಲ್ಲಿ ತಿರುಗುವ ಟರ್ಬೈನ್ ಬ್ಲೇಡು ಕರಗದೆ, ಹಿಗ್ಗದೆ ಉಳಿಯಬೇಕೆಂದರೆ ತಲೆಮಾರುಗಳ ಲೋಹವಿದ್ಯೆ, ಶಾಖವಿದ್ಯೆ ಬೇಕು, ಹಣವೊಂದರಿಂದ ಆಗುವುದಲ್ಲ. 2008ರಲ್ಲಿ ಕಾವೇರಿಯನ್ನು ತೇಜಸ್ ಯುದ್ಧವಿಮಾನದ ಯೋಜನೆಯಿಂದ ಬೇರ್ಪಡಿಸಿದರು. 2021ರಲ್ಲಿ ಎಚ್‌ಎಎಲ್ ಅದೇ ವಿಮಾನಕ್ಕೆ 99 ಅಮೆರಿಕನ್ ಎಂಜಿನುಗಳಿಗೆ ಒಪ್ಪಂದ ಮಾಡಿಕೊಂಡಿತು. ಮೊದಲನೆಯದು ಕೈಸೇರಿದ್ದು 2025ರ ಮಾರ್ಚ್‌ನಲ್ಲಿ. ಕಾಯುವುದು ಬಿಟ್ಟು ಬೇರೆ ಗತಿ ಇರಲಿಲ್ಲ.

‘ಐಐಎಸ್‌ಸಿ, ಸುರತ್ಕಲ್‌ನ ಎನ್‌ಐಟಿಕೆ ತುಂಬಿವೆಯಲ್ಲ’ ಎನ್ನುತ್ತಾರೆ. ತುಂಬಿವೆ, ಸಂತೋಷ. ಅಲ್ಲಿಂದ ಹೊರಬಂದವರಿಗೆ ವೈಟ್‌ಫೀಲ್ಡಿನ ವಿದೇಶಿ ಸಂಶೋಧನಾ ಕೇಂದ್ರಗಳು ಕಾದಿರುತ್ತವೆ. ಅವರು ಬೀದರಿನಲ್ಲೋ ವಿಜಯಪುರದಲ್ಲೋ ಪಾಠ ಹೇಳಲು, ಬೆಳಗಾವಿಯ ಫೌಂಡ್ರಿಯ ಎರಕದಲ್ಲಿ ಗುಳ್ಳೆ ಏಕೆ ಬಿತ್ತು ಎಂದು ನೋಡಲು ಬರುವರೇ?

‘ಇನ್ನು ಎಲ್ಲವೂ ರೋಬೋಟು, ಎಐ’ ಎನ್ನುವವರೂ ಇದ್ದಾರೆ. ರೋಬೋಟಿನ ತೋಳಿನೊಳಗೆ ಗೇರು, ಬೇರಿಂಗು ಇದ್ದೇ ಇರುತ್ತವೆ. ಅವೂ ಬಿಸಿಯಾಗುತ್ತವೆ, ಸವೆಯುತ್ತವೆ.

ಹಾಗೆಂದು ಸೇರದ ಹುಡುಗರನ್ನು ದೂರುವಂತಿಲ್ಲ. ರಾಷ್ಟ್ರಮಟ್ಟದ ಗೇಟ್ ಪರೀಕ್ಷೆ ಪಾಸಾಗಿ ಸೇರಿದವರಿಗೆ ಸಿಗುವ ವಿದ್ಯಾರ್ಥಿವೇತನ ತಿಂಗಳಿಗೆ 12,400 ರೂಪಾಯಿ, ದಶಕದ ಹಿಂದೆ ನಿಗದಿಯಾದದ್ದು. ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿಯಿಂದ ಬಂದವರಿಗೆ ಅದೂ ಇಲ್ಲ. ಮನೆಯಲ್ಲಿ ಅಪ್ಪನಿಗೆ ವಯಸ್ಸಾಗುತ್ತಿರುವ ಹುಡುಗ ಇದನ್ನು ನಂಬಿ ಎರಡು ವರ್ಷ ಓದಲಿ ಎನ್ನುವುದು ಯಾವ ನ್ಯಾಯ?

ಆಗಬೇಕಾದದ್ದು ಇಷ್ಟು. ಹತ್ತು ಕಾಲೇಜುಗಳಲ್ಲಿ ಇಬ್ಬಿಬ್ಬರನ್ನು ಕೂರಿಸುವ ಬದಲು, ವಲಯಕ್ಕೊಂದು ಕಡೆ ಇಪ್ಪತ್ತು ಜನರನ್ನು ಸೇರಿಸಿ ಆ ಒಂದು ಲ್ಯಾಬನ್ನಾದರೂ ಜೀವಂತವಾಗಿಡಿ. ರಾಜ್ಯ ಸರ್ಕಾರ ಗೇಟ್ ಇಲ್ಲದವರಿಗೂ ವಿದ್ಯಾರ್ಥಿವೇತನ ಕೊಡಲಿ. ಪ್ರಾಜೆಕ್ಟಿನ ವಿಷಯ ಪೀಣ್ಯದಿಂದ, ಬೆಳಗಾವಿಯಿಂದ, ಶಿವಮೊಗ್ಗದಿಂದ ಬರಲಿ.

ಎಂ.ಟೆಕ್‌ಗೆ ಎರಡು ವರ್ಷ, ಪಿಎಚ್‌.ಡಿ.ಗೆ ನಾಲ್ಕೈದು, ಪಾಠದಲ್ಲಿ ಪಳಗಲು ಮತ್ತಷ್ಟು. ಇವತ್ತು ಸೇರಿದವನು ಒಳ್ಳೆಯ ಮೇಷ್ಟರಾಗುವ ಹೊತ್ತಿಗೆ 2035 ದಾಟಿರುತ್ತದೆ.

ಪ್ರತಿ ಕಾಲೇಜೂ ಈ ಸಲ ಪ್ರವೇಶದ ಅಂಕಿಯ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನೂ ಪ್ರಕಟಿಸಲಿ: ಆ ಹೊತ್ತಿಗೆ ಅದರ ಮೆಕ್ಯಾನಿಕಲ್ ವಿಭಾಗದಿಂದ ನಿವೃತ್ತರಾಗಿರುವವರು ಎಷ್ಟು ಮಂದಿ?